ದೂರ ಚರ್ಮವೈದ್ಯ

ರೋಗಿ ಒಂದೂರಿನಲ್ಲಿ, ಚರ್ಮತಜ್ಞರು ಇನ್ನೊಂದೂರಿನಲ್ಲಿ ಇರುವಾಗಲೇ ಫೋಟೊ, ವಿಡಿಯೊ ಮತ್ತು ಕಾಯಿಲೆಯ ಪೂರ್ವವೃತ್ತಾಂತವನ್ನು ಆಧರಿಸಿ ಚರ್ಮ, ಕೂದಲು, ಉಗುರುಗಳ ರೋಗವನ್ನು ಗುರುತಿಸಿ ಚಿಕಿತ್ಸೆ ಸೂಚಿಸುವ ಪದ್ಧತಿಗೆ ದೂರ ಚರ್ಮವೈದ್ಯ ಅಥವಾ ಟೆಲಿಡರ್ಮಟಾಲಜಿ ಎಂದು ಹೆಸರು. ಅಮೆರಿಕದ ಒರೆಗಾನ್ ರಾಜ್ಯದ ಪೆರೆಡ್ನಿಯಾ ಮತ್ತು ಬ್ರೌನ್ ಎಂಬ ಸಂಶೋಧಕರು 1995ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ದೂರವೈದ್ಯದ ಕವಲುಗಳಲ್ಲಿ ಇದು ಬೇಗ ಬೇರುಬಿಟ್ಟಿದ್ದಕ್ಕೆ ಕಾರಣ ಸರಳ. ಹೃದಯ, ಪಿತ್ತಕೋಶಗಳಂತೆ ಚರ್ಮ ಒಳಗೆ ಅಡಗಿರುವುದಿಲ್ಲ. ಅನುಭವಿ ವೈದ್ಯರು ಎಷ್ಟೋ ಕಾಯಿಲೆಗಳನ್ನು ಕಂಡ ಕ್ಷಣದಲ್ಲೇ ಹೆಸರಿಸುತ್ತಾರೆ. ಹಾಗೆಂದು ಚರ್ಮವೈದ್ಯವೆಲ್ಲ ಕಣ್ಣಿನ ಕೆಲಸವಲ್ಲ. ಗಂಟನ್ನು ಒತ್ತಿ ನೋಡುವುದು, ಬಿಳಿ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ಪರೀಕ್ಷಿಸುವುದು, ಹೊಟ್ಟು ಕೆರೆದು ಸೂಕ್ಷ್ಮದರ್ಶಕದಡಿ ಇಡುವುದು, ಇವೆಲ್ಲ ಕೈಯ ಕೆಲಸ. ಕ್ಯಾಮೆರಾ ವೈದ್ಯರ ಕಣ್ಣನ್ನು ದೂರಕ್ಕೆ ಒಯ್ಯುತ್ತದೆ, ಕೈಯನ್ನು ಒಯ್ಯುವುದಿಲ್ಲ. ಆದ್ದರಿಂದ ರೋಗಿಯ ಪಕ್ಕದಲ್ಲಿ ತರಬೇತಿ ಪಡೆದ ಇನ್ನೊಂದು ಕೈ ಇರುವ ಕಡೆ ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ. ರೋಗಿ ಮತ್ತು ಮೊಬೈಲು ಎರಡೇ ಇರುವ ಕಡೆ ಅದರ ಮಿತಿಗಳು ಬೇಗ ಬಯಲಾಗುತ್ತವೆ. ಮೂರು ದಶಕಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು ಓದಿದರೆ ಹೊರಡುವ ತೀರ್ಮಾನ ಇದು.

ಇಂಥ ವ್ಯವಸ್ಥೆಯ ಅಗತ್ಯವನ್ನು ಅಳೆಯಲು ಚರ್ಮರೋಗಗಳ ಹೊರೆಯನ್ನು ನೋಡಬೇಕು. 2010ರ ಜಾಗತಿಕ ರೋಗಹೊರೆಯ ಅಧ್ಯಯನದ ಪ್ರಕಾರ, ಪ್ರಾಣ ತೆಗೆಯದೆ ಬದುಕನ್ನು ಕೆಡಿಸುವ ಕಾಯಿಲೆಗಳ ಸಾಲಿನಲ್ಲಿ ಚರ್ಮರೋಗಗಳದ್ದು ನಾಲ್ಕನೆಯ ಸ್ಥಾನ. ಕಜ್ಜಿ, ಹುಳುಕಡ್ಡಿ, ಇಸುಬು, ಮೊಡವೆ, ತೊನ್ನು, ಸೋರಿಯಾಸಿಸ್ ಇವು ಯಾರನ್ನೂ ತುರ್ತು ಚಿಕಿತ್ಸಾ ಘಟಕಕ್ಕೆ ಓಡಿಸುವುದಿಲ್ಲ, ಆದರೆ ನಿದ್ದೆ, ಕೆಲಸ, ಮದುವೆಯ ಮಾತುಕತೆ ಎಲ್ಲವನ್ನೂ ಕೆಡಿಸುತ್ತವೆ. ಚರ್ಮತಜ್ಞರೋ ಬಹುಪಾಲು ನಗರಗಳಲ್ಲಿದ್ದಾರೆ. ತಾಲ್ಲೂಕು ಕೇಂದ್ರದಿಂದಲೂ ದೂರವಿರುವ ಹಳ್ಳಿಯವರಿಗೆ ತಜ್ಞರ ಭೇಟಿ ಎಂದರೆ ಬಸ್ ಖರ್ಚಿನ ಜೊತೆಗೆ ಒಂದು ದಿನದ ಕೂಲಿಯ ನಷ್ಟ. ಹೀಗಾಗಿ ಹೆಚ್ಚಿನವರ ಪಾಲಿಗೆ ಮೊದಲ ಚರ್ಮವೈದ್ಯ ಮೆಡಿಕಲ್ ಸ್ಟೋರಿನವರೇ. ದೂರ ಚರ್ಮವೈದ್ಯವನ್ನು ತೂಗುವಾಗ ಆದರ್ಶ ಆಸ್ಪತ್ರೆಯ ಪಕ್ಕದಲ್ಲಿಟ್ಟು ಮಾತ್ರ ನೋಡಿದರೆ ಸಾಲದು, ಈ ಕೌಂಟರಿನ ಪಕ್ಕದಲ್ಲೂ ಇಟ್ಟು ನೋಡಬೇಕು.

ಪದ್ಧತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ರೋಗಿಯ ಕಡೆಯಿಂದ ಸ್ಥಿರಚಿತ್ರಗಳನ್ನೂ ವಿವರಗಳನ್ನೂ ಸಂಗ್ರಹಿಸಿ ಕಳಿಸುತ್ತಾರೆ, ತಜ್ಞರು ಬಿಡುವಾದಾಗ ನೋಡಿ ಉತ್ತರಿಸುತ್ತಾರೆ. ಎರಡನೆಯದು ನೇರ ವಿಡಿಯೊ ಸಂಭಾಷಣೆ. ಎರಡನ್ನೂ ಬೆರೆಸಿದ ಮಿಶ್ರಕ್ರಮವೂ ಉಂಟು. ಮುಖ ನೋಡಿ ಮಾತಾಡುವ ವಿಡಿಯೊವೇ ಮೇಲು ಎಂದು ಸಾಮಾನ್ಯರಿಗೆ ಅನ್ನಿಸುತ್ತದೆ. ಚರ್ಮದ ವಿಷಯದಲ್ಲಿ ಬಹುಮಟ್ಟಿಗೆ ಇದು ತಿರುಗಾಮುರುಗಾ. ಚಲಿಸುವ ಚಿತ್ರದ ಸ್ಪಷ್ಟತೆ ಸಂಪರ್ಕದ ವೇಗಕ್ಕೆ ತಕ್ಕಂತೆ ಕುಸಿಯುತ್ತದೆ. ಚೆನ್ನಾಗಿ ತೆಗೆದ ಸ್ಥಿರಚಿತ್ರದಲ್ಲಿ ಗುಳ್ಳೆಯ ಅಂಚು, ಹೊಟ್ಟಿನ ಸ್ವರೂಪ, ಬಣ್ಣದ ಏರಿಳಿತ ಎಲ್ಲ ಉಳಿಯುತ್ತವೆ, ಅನುಮಾನ ಬಂದರೆ ಹಿಗ್ಗಿಸಿ ಮತ್ತೆ ನೋಡಬಹುದು. ವಿಡಿಯೊದ ಲಾಭ ಬೇರೆ ಕಡೆ ಇದೆ: ಪ್ರಶ್ನೆ ಕೇಳಬಹುದು, ಇನ್ನೊಂದು ಕೈಯನ್ನೂ ತೋರಿಸಿ ಎನ್ನಬಹುದು, ಔಷಧ ಹಚ್ಚುವ ಕ್ರಮವನ್ನು ತಿಳಿಸಿಕೊಡಬಹುದು. ಸಂಪರ್ಕ ದುರ್ಬಲವಾಗಿರುವ ನಾಡುಗಳಲ್ಲಿ ಮೊದಲ ಬಗೆಯೇ ಹೆಚ್ಚು ಬಾಳಿದೆ. ಆಸ್ಟ್ರಿಯದ ಗ್ರಾಟ್ಸ್ ಮತ್ತು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಗಳ ಚರ್ಮತಜ್ಞರು ಸೇರಿ 2007ರಲ್ಲಿ ಆಫ್ರಿಕದ ದೇಶಗಳಿಗಾಗಿ ಆರಂಭಿಸಿದ ಯೋಜನೆಯೂ ಇದನ್ನೇ ಆಯ್ದುಕೊಂಡಿತು.

ಈ ಪದ್ಧತಿಯ ಪರವಾಗಿರುವ ಗಟ್ಟಿ ಸಾಕ್ಷ್ಯ ಸಿಗುವುದು ಕಾಯುವ ಅವಧಿಯ ಲೆಕ್ಕದಲ್ಲಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ವೈಟೆಡ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾಮೂಲಿ ಶಿಫಾರಸು ಪತ್ರ ಹಿಡಿದು ಕಾದವರಿಗೆ ಚಿಕಿತ್ಸೆ ಶುರುವಾಗಲು ಹಿಡಿದ ಮಧ್ಯಮಾಂಕ ಅವಧಿ 127 ದಿನ. ಫೋಟೊ ಮೂಲಕ ಸಲಹೆ ಪಡೆದವರಿಗೆ 41 ದಿನ. ನೆದರ್ಲೆಂಡ್ಸ್‌ನಲ್ಲಿ ಎಮಿನೊವಿಚ್ ಮತ್ತಿತರರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೂರ ಸಲಹೆ ಪಡೆದ ಗುಂಪಿನ ಶೇ. 39ರಷ್ಟು ರೋಗಿಗಳಿಗೆ ತಜ್ಞರ ಭೇಟಿಯೇ ಬೇಕಿರಲಿಲ್ಲ ಎಂದು ಕಂಡುಬಂತು. ಹೋಲಿಕೆಯ ಗುಂಪಿನಲ್ಲಿ ಆ ಪ್ರಮಾಣ ಶೇ. 18.3. ಈ ಎರಡೂ ಪ್ರಯೋಗಗಳಲ್ಲಿ ಫೋಟೊ ಕಳಿಸಿದವರು ರೋಗಿಗಳಲ್ಲ, ಅವರನ್ನು ಖುದ್ದಾಗಿ ನೋಡಿದ್ದ ಸ್ಥಳೀಯ ವೈದ್ಯರ ವ್ಯವಸ್ಥೆ. ದೂರದ ತಜ್ಞರು ಮಾಡಿದ್ದು ವಿಂಗಡಣೆ: ಯಾರಿಗೆ ಇಲ್ಲೇ ಔಷಧ ಸಾಕು, ಯಾರು ಬರಲೇಬೇಕು, ಅವರಲ್ಲಿ ಯಾರು ನಾಳೆಯೇ ಬರಬೇಕು. ಕೊನೆಯಲ್ಲಿ ಗುಣವಾಗುವುದರಲ್ಲಿ ವ್ಯತ್ಯಾಸವೇನಾದರೂ ಆಗುತ್ತದೆಯೇ ಎಂಬ ಪ್ರಶ್ನೆಗೂ ವೈಟೆಡ್ ಗುಂಪಿನ 2013ರ ಅಧ್ಯಯನದಲ್ಲಿ ಉತ್ತರವಿದೆ. 392 ರೋಗಿಗಳನ್ನು ಒಂಬತ್ತು ತಿಂಗಳು ಹಿಂಬಾಲಿಸಿ ನೋಡಿದಾಗ, ಮುಖಾಮುಖಿ ಚಿಕಿತ್ಸೆ ಪಡೆದವರಿಗೂ ಫೋಟೊ ಮೂಲಕ ಪಡೆದವರಿಗೂ ಕಾಯಿಲೆಯ ಗತಿಯಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ.

ನಿಖರತೆಯ ಕುರಿತ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಚರ್ಮದ ಕ್ಯಾನ್ಸರನ್ನು ಫೋಟೊ ನೋಡಿ ಹೇಳಲಾದೀತೇ ಎಂಬುದನ್ನು 2018ರ ಕಾಕ್ರೇನ್ ಸಮೀಕ್ಷೆ ಪರಿಶೀಲಿಸಿತು. ಫೋಟೊಗಳಿಂದ ಕ್ಯಾನ್ಸರ್ ಗಂಟುಗಳನ್ನು ಪತ್ತೆಹಚ್ಚುವ ಸಾಮರ್ಥ್ಯ ಶೇ. 94.9, ಕ್ಯಾನ್ಸರ್ ಅಲ್ಲದವನ್ನು ಅಲ್ಲವೆಂದೇ ಹೇಳುವ ಸಾಮರ್ಥ್ಯ ಶೇ. 84.3. ಎರಡನೆಯ ಅಂಕಿಯ ಅನಿಶ್ಚಿತತೆ ಎಷ್ಟೆಂದರೆ, ನಿಜವಾದ ಮೌಲ್ಯ ಶೇ. 48.5ರಿಂದ 96.8ರ ನಡುವೆ ಎಲ್ಲಿಯಾದರೂ ಇರಬಹುದು. ಅಂದರೆ ಅಪಾಯವನ್ನು ತಪ್ಪಿಸಿಕೊಳ್ಳಗೊಡುವುದು ಕಡಿಮೆ, ವೃಥಾ ಗಾಬರಿ ಎಷ್ಟೆಂದು ಖಚಿತವಿಲ್ಲ. ವಿಂಗಡಣೆಯ ಸಾಧನಕ್ಕೆ ಈ ಗುಣ ಸಾಕು. ಅಂತಿಮ ತೀರ್ಪಿಗೆ ಸಾಲದು. ವಾರ್ಶಾ ಮತ್ತು ಸಂಗಡಿಗರ 2009ರ ಅಧ್ಯಯನ ಇನ್ನೂ ಕಟುವಾದ ಎಚ್ಚರಿಕೆ ಕೊಟ್ಟಿತು. ಬಣ್ಣದ ಮಚ್ಚೆಗಳನ್ನು ದೂರದಿಂದ ನೋಡಿದಾಗ 36 ಮೆಲನೋಮ ಕ್ಯಾನ್ಸರುಗಳಲ್ಲಿ 7ರವರೆಗೆ ತಪ್ಪು ನಿರ್ವಹಣೆಗೆ ಗುರಿಯಾಗುತ್ತಿದ್ದವು. ಭಾರತೀಯರಲ್ಲಿ ಮೆಲನೋಮ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ಬರುವುದು ಹೆಚ್ಚು, ಯಾರೂ ತಾವಾಗಿ ಫೋಟೊ ತೆಗೆಯದ ಜಾಗಗಳವು. ಫೋಟೊಕ್ರಮದ ಮೂಲ ದೋಷವೊಂದು ಇಲ್ಲಿ ಕಾಣುತ್ತದೆ. ರೋಗಿ ತನಗೆ ತೊಂದರೆ ಕೊಡುವ ಜಾಗವನ್ನು ತೋರಿಸುತ್ತಾನೆ, ಅಪಾಯವಿರುವ ಜಾಗವನ್ನಲ್ಲ. ಮುಖದ ಮೇಲಿನ ಬಂಗಿಗೆಂದು ಬಂದವರ ಬೆನ್ನಿನಲ್ಲೋ ಪಾದದಲ್ಲೋ ಇರುವ ಗಂಭೀರ ಮಚ್ಚೆ ವೈದ್ಯರ ಕೊಠಡಿಯಲ್ಲಿ ಪತ್ತೆಯಾಗಬಹುದು. ಕಳಿಸಿದ ಚಿತ್ರದ ಚೌಕಟ್ಟಿನಲ್ಲಿ ಇಲ್ಲದ್ದು ತಜ್ಞರ ಪಾಲಿಗೆ ಇಲ್ಲವೇ ಇಲ್ಲ.

ಸ್ಪರ್ಶದ ಪ್ರಶ್ನೆ ಭಾರತಕ್ಕೆ ಕ್ಯಾನ್ಸರಿಗಿಂತ ಹತ್ತಿರದ್ದು, ಏಕೆಂದರೆ ಇಲ್ಲಿ ಕುಷ್ಠವಿದೆ. ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳೆಂಬ ಗುರಿಯನ್ನು ರಾಷ್ಟ್ರಮಟ್ಟದಲ್ಲಿ ಮುಟ್ಟಿದ್ದೇವೆ ಎಂದು ಭಾರತ 2005ರ ಡಿಸೆಂಬರಿನಲ್ಲಿ ಸಾರಿತು. ಆದರೂ ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ಕುಷ್ಠ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿನವೇ. ಮಗುವಿನ ಕೆನ್ನೆಯ ಮೇಲೆ ತಿಳಿಬಣ್ಣದ ಮಚ್ಚೆಯೊಂದಿದೆ ಎನ್ನೋಣ. ಅದು ಒಣಚರ್ಮದ ನಿರುಪದ್ರವಿ ಕಲೆಯಾಗಿರಬಹುದು, ಚಿಬ್ಬಾಗಿರಬಹುದು, ತೊನ್ನಿನ ಆರಂಭವಾಗಿರಬಹುದು, ಕುಷ್ಠವೂ ಆಗಿರಬಹುದು. ಎಷ್ಟು ಉತ್ತಮ ಕ್ಯಾಮೆರಾ ಇದ್ದರೂ ಕೆಲವೊಮ್ಮೆ ಇವುಗಳ ನಡುವೆ ಗೆರೆ ಎಳೆಯಲಾಗದು. ಹತ್ತಿಯ ಎಳೆಯಿಂದ ಮುಟ್ಟಿ, ಕಣ್ಣು ಮುಚ್ಚಿದ ಮಗು ಆ ಜಾಗವನ್ನು ತೋರಿಸುತ್ತದೆಯೇ ಎಂದು ನೋಡಬೇಕು. ಮೊಳಕೈ ಹಿಂದಿನ ನರ ದಪ್ಪಗಾಗಿದೆಯೇ ಎಂದು ಬೆರಳಿನಿಂದ ತಡಕಬೇಕು. ದೂರ ಚರ್ಮವೈದ್ಯವನ್ನು ಟೀಕಿಸುವವರು ಇದನ್ನು ಸೋಲಿನ ಪುರಾವೆಯೆಂದು ತೋರಿಸುತ್ತಾರೆ. ಆದರೆ ಹತ್ತಿಯ ಎಳೆ ಹಿಡಿಯಲು ಚರ್ಮತಜ್ಞರೇ ಬೇಕಿಲ್ಲ. ತರಬೇತಿ ಪಡೆದ ಆಶಾ ಕಾರ್ಯಕರ್ತೆಯೋ ಸಮುದಾಯ ಆರೋಗ್ಯ ಅಧಿಕಾರಿಯೋ ಮುಟ್ಟಿ ಪರೀಕ್ಷಿಸಿ, ಫಲಿತಾಂಶವನ್ನು ಫೋಟೊದ ಜೊತೆಗೆ ಕಳಿಸಿದರೆ ಪರದೆಯಾಚೆಯ ತಜ್ಞರ ಕೈಗೆ ಬೇಕಾದ್ದು ಬಹುತೇಕ ಸಿಕ್ಕಿತು. ಮನೆಯಿಂದ ನೇರವಾಗಿ ಆ್ಯಪ್‌ಗೆ ಹೋದ ರೋಗಿಗೆ ಈ ಹತ್ತಿಯ ಎಳೆ ಸಿಗುವುದಿಲ್ಲ.

ಭಾರತದಲ್ಲಿ ಇದಕ್ಕೆ ಬೇಕಾದ ಕಟ್ಟೋಣ ಹೊಸದೇನಲ್ಲ. ಇಸ್ರೊ ಉಪಗ್ರಹ ಸಂಪರ್ಕದ ಮೂಲಕ 2002ರಲ್ಲೇ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತ್ತು. ಆಗಿನ ಗುರಿ ಹೃದ್ರೋಗ. ಮೊಬೈಲ್ ಕ್ಯಾಮೆರಾಗಳು ಸುಧಾರಿಸಿದ ಮೇಲೆ ಚರ್ಮಕ್ಕೆ ಉಪಗ್ರಹದ ಅಬ್ಬರ ಬೇಕಾಗಲಿಲ್ಲ. ಕೋವಿಡ್ ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ದೂರವೈದ್ಯದ ಮಾರ್ಗಸೂಚಿಗಳನ್ನು ಹೊರಡಿಸಿತು. ಅದುವರೆಗೆ ಕಾನೂನಿನ ಮಬ್ಬಿನಲ್ಲಿದ್ದ ಕೆಲಸಕ್ಕೆ ಆಗ ಅಂಗೀಕಾರ ದೊರೆಯಿತು. ಔಷಧಗಳನ್ನು ಅವು ಪಟ್ಟಿಗಳಾಗಿ ಬೇರ್ಪಡಿಸಿವೆ. ಮೊದಲ ಬಾರಿಯ ವಿಡಿಯೊ ಸಮಾಲೋಚನೆಯಲ್ಲೇ ಬರೆಯಬಹುದಾದ ಪಟ್ಟಿಯಲ್ಲಿ ಕ್ಲೋಟ್ರಿಮಜೋಲ್, ಮ್ಯುಪಿರೋಸಿನ್ ಮುಲಾಮುಗಳು, ಕ್ಯಾಲಮೈನ್ ಮತ್ತು ಬೆಂಜೈಲ್ ಬೆಂಜೋಯೇಟ್ ಲೋಶನ್‌ಗಳು ಇವೆ. ಅದೇ ಕಾಯಿಲೆಗೆ ಮುಂಚೆ ಮುಖತಃ ನೋಡಿದ ರೋಗಿಗೆ ಮುಂದುವರಿಕೆಯಲ್ಲಿ ಸೇರಿಸಬಹುದಾದವು ಬೇರೆ. ಮಾದಕ ಗುಣದವು ಪೂರ್ತಿ ನಿಷಿದ್ಧ. ಮೊದಲ ಸಮಾಲೋಚನೆಯಲ್ಲಿ ಆ ಮುಲಾಮುಗಳನ್ನು ಬರೆಯಲು ವಿಡಿಯೊವೇ ಆಗಬೇಕೆಂಬ ಷರತ್ತು, ಸ್ಪಷ್ಟ ಸ್ಥಿರಚಿತ್ರವನ್ನೇ ನೆಚ್ಚಿರುವ ಚರ್ಮವೈದ್ಯಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಚರ್ಮತಜ್ಞರು ವಿಡಿಯೊದ ಜೊತೆಗೆ ಫೋಟೊವನ್ನೂ ತರಿಸಿಕೊಳ್ಳುವುದು ಇದಕ್ಕೇ. ಸರ್ಕಾರದ ಇ-ಸಂಜೀವಿನಿ ವ್ಯವಸ್ಥೆಯಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯನ್ನು ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತಾಡುತ್ತಾರೆ. ಇನ್ನೊಂದರಲ್ಲಿ ರೋಗಿ ಮನೆಯಿಂದಲೇ ಸಂಪರ್ಕಿಸುತ್ತಾನೆ. 2023ರ ಫೆಬ್ರುವರಿಯ ಹೊತ್ತಿಗೆ ಈ ಎರಡೂ ಸೇರಿ ಹತ್ತು ಕೋಟಿ ಸಮಾಲೋಚನೆಗಳನ್ನು ದಾಟಿದ್ದವು. ಚರ್ಮದ ಮಟ್ಟಿಗೆ ಬಲಪಡಿಸಬೇಕಾದದ್ದು ಮೊದಲ ದಾರಿಯನ್ನು.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದು ತೀರ ಈ ನೆಲದ್ದು. ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಭಾರತದ ಹುಳುಕಡ್ಡಿ ಹಳೆಯ ಹುಳುಕಡ್ಡಿಯಾಗಿ ಉಳಿದಿಲ್ಲ. ಇಲ್ಲಿ ಹಬ್ಬಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಪ್ರತ್ಯೇಕ ಹೆಸರೇ ಬಂತು. ಟರ್ಬಿನಾಫಿನ್ ಮಾತ್ರೆಗೆ ಅದು ಹಲವು ಕಡೆ ಬಗ್ಗುತ್ತಿಲ್ಲ. ಪರಿಸ್ಥಿತಿ ಕೆಡಲು ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಿಶ್ರ ಮುಲಾಮುಗಳ ಕೊಡುಗೆ ದೊಡ್ಡದು. ಕ್ಲೊಬೆಟಸಾಲ್‌ನಂಥ ತೀವ್ರ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಮೂರನ್ನೂ ಒಂದೇ ಟ್ಯೂಬಿನಲ್ಲಿ ತುಂಬಿದ ಇವನ್ನು ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ಅಡಗುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಉಂಗುರದಂತಿದ್ದ ಅಂಚು ಅಳಿಸಿಹೋಗಿ ಕಾಯಿಲೆ ತನ್ನ ಗುರುತನ್ನೇ ಮರೆಸಿಕೊಳ್ಳುತ್ತದೆ. 2018ರ ಮಾರ್ಚಿನಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾಗುವ ಪರಿಚ್ಛೇದಕ್ಕೆ ಸೇರಿಸಿದರೂ ಕೌಂಟರಿನ ರೂಢಿ ಪೂರ್ತಿ ನಿಂತಿಲ್ಲ. ಹೀಗೆ ರೂಪಗೆಟ್ಟ ಚರ್ಮದ ಫೋಟೊ ಮಾತ್ರ ನೋಡಿದರೆ ತಜ್ಞರೂ ಎಡವುತ್ತಾರೆ. ಇಸುಬು ಎಂದುಕೊಂಡು ಮತ್ತೆ ಸ್ಟಿರಾಯ್ಡನ್ನೇ ಬರೆದರೆ ಬೆಂಕಿಗೆ ತುಪ್ಪ ಸುರಿದಂತೆ. ಹಾಗಾಗಿ ಇಲ್ಲಿ ಅತಿ ಮುಖ್ಯ ಫೋಟೊ ಚರ್ಮದ್ದಲ್ಲ, ಇದುವರೆಗೆ ಹಚ್ಚಿದ ಟ್ಯೂಬಿನದು. ಪಕ್ಕದಲ್ಲಿ ಆರೋಗ್ಯ ಸಿಬ್ಬಂದಿ ಇದ್ದರೆ ಅದನ್ನು ಕೇಳಿ ತರಿಸುತ್ತಾರೆ, ಮನೆಯ ಉಳಿದವರೂ ಕೆರೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಮುಲಾಮು ಮಾರುವ ಕಂಪನಿಯೇ ನಡೆಸುವ ಸಲಹಾ ಆ್ಯಪ್‌ಗೆ ಈ ವಿಚಾರಣೆಯಲ್ಲಿ ಅಷ್ಟು ಆಸಕ್ತಿ ಇರಲು ಕಾರಣವಿಲ್ಲ. ಸಲಹೆಯೂ ಸರಕೂ ಒಂದೇ ಗಲ್ಲಾಪೆಟ್ಟಿಗೆಯಿಂದ ಹೊರಟಾಗ ಔಷಧ ಬೇಡ ಎನ್ನುವ ಸಲಹೆ ಅಪರೂಪವಾಗುತ್ತದೆ.

ಚರ್ಮದ ಬಣ್ಣದ ಕುರಿತ ಆಕ್ಷೇಪ ಇದಕ್ಕಿಂತ ಆಳದ್ದು. ವೈದ್ಯಕೀಯ ಪಠ್ಯಗಳು ಬಿಳಿ ಚರ್ಮವನ್ನೇ ಮಾದರಿಯಾಗಿಟ್ಟುಕೊಂಡು ಬೆಳೆದವು. ಅವುಗಳಲ್ಲಿ ಕೆಂಪು ಎಂದು ವರ್ಣಿಸಿದ ಉರಿಯೂತ ಕಂದು ಚರ್ಮದಲ್ಲಿ ನೇರಳೆಯಾಗಿಯೋ ಬೂದುಗಪ್ಪಾಗಿಯೋ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಫೋಟೊ ಇದನ್ನು ಇನ್ನಷ್ಟು ಕೆಡಿಸುತ್ತದೆ. ಮೊಬೈಲುಗಳ ಸೌಂದರ್ಯವರ್ಧಕ ಮೋಡ್ ಕಲೆಗಳನ್ನು ಅಳಿಸಿ ಮುಖವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಚರ್ಮರೋಗದ ತಪಾಸಣೆಗೆ ಇದಕ್ಕಿಂತ ವಿರುದ್ಧವಾದ ಸೌಲಭ್ಯವನ್ನು ಯಾರೂ ಯೋಚಿಸಿ ಮಾಡಲಾರರು. ಯಂತ್ರಬುದ್ಧಿಯ ಕಥೆಯೂ ಇದೇ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ 1,29,450 ಚಿತ್ರಗಳಿಂದ ಕಲಿಸಿದ ಗಣಕವ್ಯವಸ್ಥೆ ಚರ್ಮದ ಕ್ಯಾನ್ಸರ್ ಗುರುತಿಸುವಲ್ಲಿ 21 ಚರ್ಮತಜ್ಞರಿಗೆ ಸರಿಸಾಟಿಯಾಯಿತೆಂದು ಸುದ್ದಿಯಾಯಿತು. 2022ರಲ್ಲಿ, ನಾನಾ ಬಣ್ಣದ ಚರ್ಮಗಳಿಂದ ಆಯ್ದ 656 ಚಿತ್ರಗಳನ್ನು ಇಂಥ ವ್ಯವಸ್ಥೆಗಳ ಮುಂದಿಟ್ಟಾಗ ಕಪ್ಪು ಚರ್ಮದ ವಿಷಯದಲ್ಲಿ ಅವು ಹಿಂದೆ ಬಿದ್ದವು. ಭಾರತದ ಮಾರ್ಗಸೂಚಿಗಳು ಯಂತ್ರಬುದ್ಧಿ ತಾನಾಗಿ ರೋಗಿಗೆ ಸಲಹೆ ಕೊಡುವುದನ್ನೂ ಔಷಧ ಬರೆಯುವುದನ್ನೂ ನಿಷೇಧಿಸಿ, ವೈದ್ಯರಿಗೆ ನೆರವಾಗಲು ಮಾತ್ರ ಅವಕಾಶ ಕೊಟ್ಟಿರುವುದು ಸರಿಯಾಗಿಯೇ ಇದೆ. ಇಲ್ಲಿನ ಚರ್ಮತಜ್ಞರಿಗೆ ಕಂದು ಚರ್ಮ ನಿತ್ಯದ ಪರಿಚಯ. ಈ ಆಕ್ಷೇಪದ ಪೆಟ್ಟು ಅವರ ಕಣ್ಣಿಗಿಂತ ಹೆಚ್ಚಾಗಿ ಹೊರಗಿನಿಂದ ತಂದ ಯಂತ್ರಕ್ಕೆ ತಾಗುತ್ತದೆ.

ಫೋಟೊದ ಗುಣಮಟ್ಟ ಮಾತ್ರ ದುಡ್ಡಿಲ್ಲದೆ ಸುಧಾರಿಸಬಹುದಾದ ಸಂಗತಿ. ನೇರ ಬಿಸಿಲು ಬೇಡ, ಕಿಟಕಿಯ ಬಳಿಯ ಹಗಲು ಬೆಳಕು ಸಾಕು. ಕಾಯಿಲೆ ದೇಹದ ಯಾವ ಭಾಗದಲ್ಲಿದೆ ಎಂದು ತಿಳಿಯುವಂತೆ ದೂರದಿಂದ ಒಂದು, ಹತ್ತಿರದಿಂದ ಒಂದು, ಉಬ್ಬು ಗೊತ್ತಾಗುವಂತೆ ಓರೆಯಾಗಿ ಒಂದು ಚಿತ್ರ ಬೇಕು. ಗಾತ್ರ ತಿಳಿಯಲು ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕು. ಮುಲಾಮು, ಅರಿಶಿನ, ಪೌಡರುಗಳನ್ನು ಮೊದಲು ತೊಳೆದಿರಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ವಿವರ ಉಳಿಯುತ್ತದೆ.

ಆದರೆ ಹಾಗೆ ಕಳಿಸಿದ ಚಿತ್ರ ಮುಂದೆ ಎಲ್ಲಿ ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಚರ್ಮದ ಫೋಟೊ ರಕ್ತಪರೀಕ್ಷೆಯ ವರದಿಯಂತಲ್ಲ. ಅದರಲ್ಲಿ ಮುಖವಿರುತ್ತದೆ, ಎದೆ ಇರುತ್ತದೆ, ಜನನಾಂಗವಿರುತ್ತದೆ. ತೊಡೆಸಂದಿನ ಹುಳುಕಡ್ಡಿಯನ್ನು ವೈದ್ಯರಿಗೆ ತೋರಿಸಲೂ ನಾಚುವ ಹೆಣ್ಣುಮಗಳಿಗೆ, ಮನೆಯವರೆಲ್ಲ ಬಳಸುವ ಮೊಬೈಲಿನಲ್ಲಿ ಅದರ ಚಿತ್ರ ತೆಗೆಯಿರಿ ಎನ್ನುವುದು ಸಣ್ಣ ಬೇಡಿಕೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ. ಕಾಯ್ದೆ ಏನೇ ಹೇಳಿದರೂ ವೈದ್ಯರ ಖಾಸಗಿ ಫೋನಿನ ಗ್ಯಾಲರಿಯಲ್ಲಿ ಮಕ್ಕಳ ಹುಟ್ಟುಹಬ್ಬದ ಚಿತ್ರಗಳ ನಡುವೆ ರೋಗಿಗಳ ದೇಹ ಇರುವಷ್ಟು ಕಾಲ ಈ ಆತಂಕಕ್ಕೆ ಸಮಾಧಾನವಿಲ್ಲ. ಚಿತ್ರವನ್ನು ಮಹಿಳಾ ಸಿಬ್ಬಂದಿಯ ಮುಂದೆ, ಆರೋಗ್ಯ ಕೇಂದ್ರದ ಸಾಧನದಲ್ಲೇ ತೆಗೆದು, ವ್ಯವಸ್ಥೆಯೊಳಗೇ ಉಳಿಸುವ ಏರ್ಪಾಡು ಈ ಪ್ರಶ್ನೆಗೂ ಮನೆಯ ಮೊಬೈಲಿಗಿಂತ ಉತ್ತಮ ಉತ್ತರ.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ: ಇದು ಬಡವರಿಗೆ ಎರಡನೆಯ ದರ್ಜೆಯ ವೈದ್ಯವನ್ನು ಕೊಟ್ಟು, ತಾಲ್ಲೂಕು ಆಸ್ಪತ್ರೆಗೆ ತಜ್ಞರನ್ನು ನೇಮಿಸುವ ಹೊಣೆಯಿಂದ ಸರ್ಕಾರ ನುಣುಚಿಕೊಳ್ಳುವ ದಾರಿಯಲ್ಲವೇ? ಆ ಅಪಾಯ ನಿಜ. ಪರದೆಯ ಸೌಲಭ್ಯ ಬಂತೆಂದು ಹುದ್ದೆಯನ್ನೇ ಖಾಲಿ ಬಿಟ್ಟರೆ, ಬರಲೇಬೇಕು ಎಂದು ದೂರದ ತಜ್ಞರು ವಿಂಗಡಿಸಿದ ರೋಗಿ ಬರುವುದೆಲ್ಲಿಗೆ? ಬಯಾಪ್ಸಿ, ಗಂಟು ತೆಗೆಯುವ ಶಸ್ತ್ರಕ್ರಿಯೆ, ಸೋರಿಯಾಸಿಸ್‌ಗೆ ಬೆಳಕಿನ ಚಿಕಿತ್ಸೆ ಯಾವುದನ್ನೂ ಜಾಲದ ಮೂಲಕ ಕೊಡಲಾಗದು. ವಿಂಗಡಣೆಗೆ ಅರ್ಥ ಬರುವುದು ವಿಂಗಡಿಸಿದ ಮೇಲೆ ಸೇರಿಸಲು ಜಾಗವಿದ್ದಾಗ. ಇನ್ನೊಂದು ಕಡೆ, ಪದ್ಧತಿಯ ಅತ್ಯಂತ ನಿರ್ವಿವಾದ ಉಪಯೋಗ ಇರುವುದು ಈಗಾಗಲೇ ಒಮ್ಮೆ ಮುಖತಃ ನೋಡಿದ ರೋಗಿಗಳ ಮುಂದುವರಿಕೆಯಲ್ಲಿ. ಇಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ. ತೊನ್ನು, ಸೋರಿಯಾಸಿಸ್, ಮಾಯದ ಕಾಲುಹುಣ್ಣುಗಳಂಥ ವರ್ಷಗಟ್ಟಲೆಯ ಕಾಯಿಲೆಗಳಲ್ಲಿ ರೋಗ ಯಾವುದೆಂಬ ಪ್ರಶ್ನೆ ಮುಗಿದಿರುತ್ತದೆ. ಕಳೆದ ಸಲಕ್ಕಿಂತ ಹೇಗಿದೆ ಎಂಬುದಷ್ಟೇ ಉಳಿದಿರುತ್ತದೆ, ಅದಕ್ಕೆ ಎರಡು ಫೋಟೊಗಳ ಹೋಲಿಕೆ ಸಾಕು. ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ನುಂಗುವವರ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಸ್ಥಳೀಯ ಲ್ಯಾಬಿನಲ್ಲಿ ಆಗುತ್ತಿರಬೇಕು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗರ್ಭದಲ್ಲಿರುವ ಮಗುವಿಗೆ ಅಂಗವೈಕಲ್ಯ ತರಬಲ್ಲದು. ಗರ್ಭಪರೀಕ್ಷೆ, ಗರ್ಭನಿರೋಧದ ಮಾತು ಎರಡೂ ಇಲ್ಲದೆ ಅದನ್ನು ಪರದೆಯ ಮೇಲೆ ಬರೆಯುವುದು ವೈದ್ಯವೇ ಅಲ್ಲ.

ಕೆಲವು ಸಂದರ್ಭಗಳಲ್ಲಿ ಫೋಟೊ ತೆಗೆಯುತ್ತ ಕೂರಲೂಬಾರದು. ಹೊಸ ಮಾತ್ರೆ ಶುರುಮಾಡಿದ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರದೊಂದಿಗೆ ಮೈ ಉರಿದು ಚರ್ಮ ಸುಲಿಯತೊಡಗಿದರೆ, ಬಾಯಿ, ಕಣ್ಣು, ಜನನಾಂಗಗಳಲ್ಲಿ ಹುಣ್ಣೆದ್ದರೆ, ದದ್ದಿನ ಜೊತೆಗೆ ತುಟಿ ಊದಿ ಉಸಿರು ಕಟ್ಟಿದರೆ, ಮೈಯೆಲ್ಲ ದೊಡ್ಡ ಬೊಬ್ಬೆಗಳೆದ್ದರೆ, ಕಾಲಿನ ಊತ ಗಂಟೆಗಂಟೆಗೂ ಹಬ್ಬುತ್ತ ಸಹಿಸಲಾಗದ ನೋವು ಕೊಟ್ಟರೆ, ಶಂಕೆಯಿರುವ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ; 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.